ನಾರ್ಮಲ್ಲಾದ ಅಯ್ನೋರು

ಪರ್ವತಯ್ಯನವರಿಗೆ ಗಂಡಾಂತರ ಬಂದದ್ದು ಶುಗರ್ ಏರಿದ್ದರಿಂದಲ್ಲ, ಇಳಿದದ್ದರಿಂದ.

ಎರಡು ತಿಂಗಳಿಂದ ಹೆಂಡತಿ ಶಿವರುದ್ರಮ್ಮ ಅವರ ಬಾಯಿಗೆ ಮುದ್ದೆ, ಸೊಪ್ಪು, ಮಾತ್ರೆ ಬಿಟ್ಟು ಬೇರೇನೂ ಬೀಳಗೊಟ್ಟಿರಲಿಲ್ಲ. “ಇನ್ನೊಂದ್ಸಲ ಇನ್ನೂರು ದಾಟುದ್ರೆ ದಿನಾ ಹೊಟ್ಟೆಗೆ ಇಂಜೆಕ್ಷನ್ ಅಂದವ್ರೆ ಡಾಕ್ಟ್ರು” ಎಂದು ಹೆದರಿಸಿ, ರಕ್ತ ನೋಡುವ ಮಿಷನ್ನನ್ನು ಜೋಳಿಗೆಗೆ ಹಾಕಿಯೇ ಭಕ್ತ ಪ್ರಭುದೇವನ ಗೃಹಪ್ರವೇಶದ ಪೂಜೆ ಮಾಡಿಸಲು ಕಳಿಸಿದ್ದಳು. ಬೆರಳಿಗೆ ಚುಚ್ಚುವ ಮುಳ್ಳಿನಂಥ ಸೂಜಿಗೇ ಕಣ್ಣು ಮುಚ್ಚುವ ಅಯ್ಯನವರು ಹೊಟ್ಟೆಯನ್ನು ಸವರಿಕೊಳ್ಳುತ್ತ ಪಟ್ಟನಾಯಕನಹಳ್ಳಿ ಬಸ್ಸು ಹತ್ತಿದರು.

ಪೂಜೆ ಮುಗಿಯಿತು. ಅಯ್ಯನವರು ಪ್ರಸಾದ ಮಾಡದೆ ಮಿಕ್ಕವರು ಎಲೆ ಮುಟ್ಟುವಂತಿಲ್ಲ. ಹಸಿದ ಊರೆಲ್ಲ ಶಾಮಿಯಾನದಡಿ ಅವರ ಬಾಯನ್ನೇ ನೋಡುತ್ತಿತ್ತು. ಅವರು ಹೋಳಿಗೆಯನ್ನು ಎಲೆಯ ತುದಿಗೆ ತಳ್ಳಿದರು.

“ಹೊಸಮನೇಲಿ ಸಿಹಿ ಮುಟ್ದಿದ್ರೆ ಹೆಂಗೆ ಬುದ್ಧಿ?” ಎಂದ ಪ್ರಭುದೇವ.

“ಶುಗರ್ ಕಣಪ್ಪ.”

“ಯಾರಿಗಿಲ್ಲ ಬುಡಿ” ಎಂದಳು ಅವನ ತಾಯಿ ಚನ್ನಮಲ್ಲಮ್ಮ. “ನಮ್ಮನೆ ತುಪ್ಪ ಹಿಡಿಸ್ನಿಲ್ಲ ಅನ್ನಿ.”

ಅಯ್ಯನವರಿಗೆ ರೇಗಿತು. ಮಿಷನ್ ತೆಗೆದು, ಎಲ್ಲರೆದುರೇ ಬೆರಳಿಗೆ ಚುಚ್ಚಿಕೊಂಡು, “ನೀವೇ ನೋಡ್ಕಳಿ” ಎಂದು ಚಾಚಿದರು.

ಪ್ರಭುದೇವನ ಭಾವಮೈದ ಮಲ್ಲೇಶ್ ಬಗ್ಗಿ ಓದಿದ. “ನೂರಾ ಎಂಟು. ನಾರ್ಮಲ್ಲು ಕಣತ್ತೆ.”

“ನೂರಾ ಎಂಟು ಅಂದ್ರೆ ಶಿವನ ಅಷ್ಟೋತ್ತರ. ಅವ್ನೇ ತಿನ್ನು ಅಂತವ್ನೆ” ಎಂದು ಚನ್ನಮಲ್ಲಮ್ಮ ಮಿಷನ್ನಿಗೇ ಕೈಮುಗಿದಳು.

“ಪಥ್ಯ ಮಾಡಿ ಇಳ್ದಿರೋದು ಕಣವ್ವ” ಎಂಬ ಅವರ ಮಾತು ತುಪ್ಪದಲ್ಲಿ ಮುಳುಗಿತು. ಮನೆ ಹೆಸರಿಗೊಂದು, ಬೋರ್‌ವೆಲ್ ಹೆಸರಿಗೊಂದು, ಹುಟ್ಟಲಿರುವ ಮೊಮ್ಮಗನ ಹೆಸರಿಗೊಂದು ಹೋಳಿಗೆ ಒಳಗಿಳಿದವು. ಊಟವಾದ ಮೇಲೆ ಅಯ್ಯನವರ ಕೈಗುಣಕ್ಕೆ ಮುಗಿಬಿದ್ದ ಭಕ್ತರು, ರೇಷನ್ ಅಂಗಡಿ ಮುಂದೆ ನಿಂತಂತೆ ಸಾಲುಗಟ್ಟಿ ತಮ್ಮ ಶುಗರೂ ನೋಡಿ ಎಂದು ಬೆರಳು ಚಾಚಿದರು. ಸೂಜಿ ಬದಲಿಸಿ ಬದಲಿಸಿ ಅಯ್ಯನವರು ಬೆವತರು. ರಕ್ತ ಹಚ್ಚಲು ಉಳಿದಿದ್ದ ಕೊನೇ ಸ್ಟ್ರಿಪ್ಪು ಕಡ್ಡಿಯಂತಿದ್ದ ಮಲ್ಲೇಶನ ಪಾಲಾಯಿತು. ಅವನದು ತೊಂಬತ್ತನಾಲ್ಕು.

ಬಾಯಾರಿಕೆಯಿಂದ ನಾಲಗೆ ಅಂಟಿಕೊಂಡು, ಇಂಜೆಕ್ಷನ್ನನ್ನೇ ನೆನೆಯುತ್ತ ಸಂಜೆ ಮನೆ ಸೇರಿದರು. ಬಾಯಿ ತೆರೆಯುವ ಮೊದಲೇ ಶಿವರುದ್ರಮ್ಮ ಜೋಳಿಗೆಯಿಂದ ಮಿಷನ್ ತೆಗೆದು ಗುಂಡಿ ಒತ್ತಿದಳು. ಅದರಲ್ಲಿದ್ದ ಕೊನೇ ಅಂಕಿ ಮೂಡಿತು.

“ತೊಂಬತ್ನಾಕು?” ಆಕೆಯ ಕಣ್ಣಲ್ಲಿ ನೀರಾಡಿತು. “ಅಂಥಾ ಊಟದ್ ಮುಂದೆ ಕೂತ್ಕಂಡೂ ಬಾಯಿ ಕಟ್ಟಿದ್ರಲ್ರೀ.”

ಅದು ಮಲ್ಲೇಶನದು ಎಂದರೆ ತಮ್ಮದೆಷ್ಟು ಎಂಬ ಪ್ರಶ್ನೆ ಬರುತ್ತದೆ. ಅಯ್ಯನವರು ಮಿಷನ್ನನ್ನು ಈಸಿಕೊಂಡು ಮೆಲ್ಲಗೆ ಜೋಳಿಗೆಗೆ ಇಳಿಸಿದರು. ಬದುಕಿದೆ ಅಂದುಕೊಳ್ಳುವಷ್ಟರಲ್ಲಿ ಅಡುಗೆಮನೆಯಿಂದ ತುಪ್ಪದಲ್ಲಿ ಹುರಿದ ಗೋಡಂಬಿಯ ವಾಸನೆ ಬಂತು.

“ಎರಡ್ ತಿಂಗ್ಳು ನಿಮ್ ನಾಲ್ಗೆ ಸಾಯಿಸ್ಬುಟ್ಟೆ” ಎನ್ನುತ್ತ ಆಕೆ ಬೋಗುಣಿ ತುಂಬ ಶಾವಿಗೆ ಪಾಯಸ ತಂದು ಮುಂದಿಟ್ಟಳು. “ಪೂರ್ತಿ ಕುಡೀರಿ. ಬೆಳಿಗ್ಗೆ ಎದ್ದೇಟ್ಗೆ ಶಿರಾ ಡಾಕ್ಟ್ರತ್ರ ರಕ್ತ ಕೊಟ್ಟು, ಮಾತ್ರೆ ಕಮ್ಮಿ ಮಾಡ್ಸ್ಕಂಬರಾನ.”