ಪಕ್ಕದ ಮನೆಯ ಪಂಚಮ

ಹೊಟ್ಟೆಕಿಚ್ಚಿನ ವಿಷಯದಲ್ಲಿ ನಾನು ಬಹಳ ಶಿಸ್ತಿನ ಹೆಂಗಸು. ಪಕ್ಕದ ಮನೆಯ ಪದ್ಮಾ ವೈನಿಯ ಇಳಕಲ್ ಸೀರೆ, ಅವರ ಹಿತ್ತಲಿನ ಕರಿಬೇವು, ಅವರು ಹಾಕಿದ ಉಪ್ಪಿನಕಾಯಿಗೆ ಒಮ್ಮೆಯೂ ಬೂಸ್ಟು ಬರದಿರುವುದು, ಇವಕ್ಕೆಲ್ಲ ಬೆಳಿಗ್ಗೆ ಹಾಲು ಕಾಯಿಸುವ ಹೊತ್ತನ್ನು ಮೀಸಲಿಟ್ಟಿದ್ದೇನೆ. ಹೇಗೂ ಒಲೆಯ ಮುಂದೆ ನಿಂತಿರಲೇಬೇಕಲ್ಲ, ಆಗಲೇ ಉರಿದು ಮುಗಿಸಿಬಿಡುತ್ತೇನೆ. ಹಾಲಿನ ಜೊತೆ ನನ್ನದೂ ಇಳಿದರೆ ಆಮೇಲೆ ದಿನವೆಲ್ಲ ಹಗುರ. ಈ ವರ್ಷ ಮಾತ್ರ ನನ್ನ ಈ ಶಿಸ್ತನ್ನು ಬಟ್ಟೆ ಒಗೆಯುವ ಒಂದು ಕಲ್ಲು ಕೆಡಿಸಿತು.

ಆ ಕಲ್ಲಿನ ಪೂರ್ವೋತ್ತರ ಹೇಳುತ್ತೇನೆ. ನಾವು ಸಿಮೆಂಟ್ ಕಾರ್ಖಾನೆಯ ಈ ವಾಡಿಗೆ ಬಂದ ವರ್ಷ ಶಹಾಬಾದಿನಿಂದ ಕಲ್ಲಿನ ಟ್ರ್ಯಾಕ್ಟರ್ ಬಂದಿತ್ತು. ಒಗೆಯುವುದಕ್ಕೆ ಆಗುವಂಥವು ಅದರಲ್ಲಿ ಎರಡೇ ಇದ್ದವು. ಮೊದಲು ಓಡಿಹೋದವಳು ನಾನು. ಅಗಲವಾದದ್ದು, ನುಣುಪಾದದ್ದು ನನಗೆ. ಉಳಿದದ್ದು ಪದ್ಮಾ ವೈನಿಗೆ. ‘ನಂಗ ಯಾವುದಾದ್ರೂ ನಡೀತದ ತಗೋರಿ’ ಎಂದರು ಅವರು. ಎರಡು ಇಟ್ಟಿಗೆ ಇಟ್ಟು, ಅದರ ಮೇಲೆ ಕಲ್ಲು ಮಲಗಿಸಿ, ಸಂಜೆಗೇ ಬಟ್ಟೆ ಒಗೆದು ಹರವಿದರು. ನಾನು ಹಾಗೆಲ್ಲ ಅವಸರ ಮಾಡುವವಳಲ್ಲ. ಮರುದಿನ ಗೌಂಡಿಯನ್ನು ಕರೆಸಿ, ಸುತ್ತಲೂ ಕೆಳಗೂ ಸಿಮೆಂಟು ತುಂಬಿಸಿ, ಗಟ್ಟಿಯಾಗಿ ಕೂರಿಸಿದೆ. ಸಿಮೆಂಟಿನ ಊರಿನಲ್ಲಿದ್ದು ಅದಕ್ಕೂ ಕೈ ಬಿಗಿ ಹಿಡಿಯುವುದುಂಟೆ?

ಇಂತಿರಲು, ನಮ್ಮ ಎದುರಿನ ಖಾಲಿ ಗೋದಾಮಿಗೆ ಮೂರು ಜನ ಬಂದರು. ಸೇಡಮಿನ ನೇತ್ರಾ ಹಾಡುವವಳು, ಚಿಂಚೋಳಿಯ ಮಾಳಪ್ಪ ಹಲಗೆ ಬಾರಿಸುವವನು, ಚಿತ್ತಾಪುರದ ರಫೀಕ್ ಚಿತ್ರ ಬರೆಯುವವನು. ಮೂವರೂ ಸೇರಿ ‘ಆಪೆರಾ’ ಕಟ್ಟುತ್ತಾರಂತೆ. ಹಾಗೆಂದರೇನು ಎಂದು ನಮ್ಮ ಮನೆಯವರನ್ನು ಕೇಳಿದೆ.

‘ಮಾತೇ ಇರಂಗಿಲ್ಲ. ಎಲ್ಲಾ ಹಾಡೇ. ಸಿಟ್ಟು ಬಂದ್ರೂ ಹಾಡೇ’ ಎಂದರು.

‘ಹಂಗಾದ್ರ ಸಾರಿಗೆ ಉಪ್ಪು ಕಮ್ಮಿ ಆಗ್ಯದ ಅಂತ ನೀವೂ ಹಾಡ್ರಿ, ನೋಡೋಣ.’

ಅವರು ಹಾಡಿದರು. ಉಪ್ಪು ಸರಿಯಾಗಿತ್ತು, ಶ್ರುತಿ ಕಮ್ಮಿಯಾಗಿತ್ತು.

ಕಲ್ಲಿನ ಗಣಿಯಲ್ಲಿ ಬೆಳೆದ ಹುಡುಗಿಯೊಬ್ಬಳ ಕತೆ ಅದು. ಅವಳು ಮಾತಾಡುವುದು ಕಲ್ಲುಗಳ ಜೊತೆ, ಕಲ್ಲುಗಳು ಉತ್ತರಿಸುವುದು ಸ್ವರದಲ್ಲಿ. ಮಾಳಪ್ಪ ಗಣಿಗಳನ್ನೆಲ್ಲ ಸುತ್ತಿ, ಕೊಡತಿಯಿಂದ ಬಡಿದು ಬಡಿದು, ‘ಸ’, ‘ಗ’ ಎಲ್ಲ ಹುಡುಕಿ ತಂದಿದ್ದ. ‘ಪ’ ಮಾತ್ರ, ಅಂದರೆ ಪಂಚಮ, ಎಲ್ಲಿಯೂ ಸಿಕ್ಕಿರಲಿಲ್ಲ. ಕೊನೆಗೆ ಮೂವರೂ ನಮ್ಮ ಓಣಿಯ ಮನೆಮನೆಯ ಹಿತ್ತಲಿಗೂ ಬಂದರು. ಪದ್ಮಾ ವೈನಿಯ ಕಲ್ಲಿನ ಮೇಲೆ ಒದ್ದೆ ಟವೆಲ್ ಇನ್ನೂ ಬಿದ್ದಿತ್ತು. ಅದನ್ನು ಸರಿಸಿ ಮಾಳಪ್ಪ ಒಂದೇ ಪೆಟ್ಟು ಹಾಕಿದ. ‘ಣಂಯ್’ ಎಂದಿತು. ನೇತ್ರಾ ಕಣ್ಣು ಮುಚ್ಚಿ ಅದೇ ಸ್ವರ ಹಿಡಿದಳು. ರಫೀಕ್ ಅಲ್ಲೇ ಕೂತು ಕಲ್ಲಿನ ಚಿತ್ರ ಬರೆಯತೊಡಗಿದ.

‘ನಮ್ಮದೂ ನೋಡ್ರಿ. ಇದಕ್ಕಿಂತ ಭಾಳ ದೊಡ್ಡದದ’ ಎಂದು ಮೂವರನ್ನೂ ಕರೆತಂದೆ.

‘ಥಪ್’ ಎಂದಿತು ನನ್ನ ಕಲ್ಲು.

‘ಅಕ್ಕೋರ, ನಿಮ್ ಕಲ್ಲಿಗಿ ನೆಗಡಿ ಆಗ್ಯದ’ ಎಂದ ಮಾಳಪ್ಪ.

ಭಜನಾ ಮಂಡಳಿಯಲ್ಲಿ ಇಷ್ಟು ವರ್ಷ ಮುಂದಿನ ಸಾಲಿನಲ್ಲಿ ಕೂತು ಹಾಡಿದವಳು ನಾನು. ನಮ್ಮ ಮನೆಯಿಂದ ಒಂದು ಸ್ವರವೂ ಆಪೆರಾಕ್ಕೆ ಹೋಗಲಿಲ್ಲವೆಂದರೆ? ಅಂದಿನಿಂದ ಕಲ್ಲಿನ ಆರೈಕೆ ಶುರುವಾಯಿತು. ಸೋಡಾ ಹಾಕಿ ತಿಕ್ಕಿದೆ. ಬಿಸಿನೀರು ಹೊಯ್ದೆ. ಸೌಟು, ಲಟ್ಟಣಿಗೆ, ನಮ್ಮವರ ಛತ್ರಿಯ ಹಿಡಿಕೆ, ಎಲ್ಲದರಿಂದಲೂ ಬಡಿದೆ. ಬಗ್ಗಿ ‘ಪ’ ಎಂದು ಹಾಡಿಯೂ ತೋರಿಸಿದೆ. ಕಾಂಪೌಂಡಿನ ಆಚೆಯಿಂದ ಪದ್ಮಾ ವೈನಿ, ‘ಯಾರ ಜೋಡಿ ಮಾತಾಡ್ಲಿಕತ್ತೀರಿ ವೈನಿ?’ ಎಂದು ಕೇಳಿದರು. ‘ಯಾರಿಲ್ರಿ, ಬೆಕ್ಕು’ ಎಂದೆ. ನಮ್ಮ ಮನೆಯಲ್ಲಿ ಬೆಕ್ಕಿಲ್ಲ. ಒಂದು ಸಂಜೆ ಮೂವರನ್ನೂ ಚಹಾಕ್ಕೆ ಕರೆದು, ಸೂಸಲ, ಮಿರ್ಚಿ ಭಜಿ ಕೊಟ್ಟು, ‘ಈಗೊಮ್ಮೆ ಬಡದ ನೋಡ್ರಿ’ ಎಂದೆ. ಭಜಿಯ ಋಣಕ್ಕೆ ಮಾಳಪ್ಪ ನಾಲ್ಕು ಕಡೆ ಬಡಿದ. ನಾಲ್ಕು ಕಡೆಯೂ ಥಪ್.

ಶಹಾಬಾದಿನಲ್ಲಿ ಮೊದಲ ಪ್ರಯೋಗ. ಪದ್ಮಾ ವೈನಿ ಬಿಟ್ಟುಕೊಟ್ಟ ಕಲ್ಲು ವೇದಿಕೆಯ ನಡುವೆ ಹುರಿಹಗ್ಗದಲ್ಲಿ ತೂಗಾಡುತ್ತಿತ್ತು. ಅದರ ಹಿಂದೆ ರಫೀಕ್ ಬರೆದ ಗಣಿಯ ದೊಡ್ಡ ಪರದೆ. ಕಡೆಯಲ್ಲಿ ಗಣಿಯ ಕಲ್ಲುಗಳನ್ನೆಲ್ಲ ಗಾಡಿಗೆ ಹೇರಿ ಒಯ್ದುಬಿಡುತ್ತಾರೆ, ಹುಡುಗಿ ಒಬ್ಬಳೇ ಉಳಿಯುತ್ತಾಳೆ. ನೇತ್ರಾ ಹಾಡು ನಿಲ್ಲಿಸಿ ಕಾಯುತ್ತಾಳೆ. ದೂರದಿಂದೆಂಬಂತೆ ಒಂದೇ ಒಂದು ಣಂಯ್. ನನ್ನ ಕಣ್ಣು ತುಂಬಿ ಬಂತು. ಅದು ಯಾರ ಕಲ್ಲೆಂಬುದು ನೆನಪಾಯಿತು. ಸೆರಗಿನಿಂದ ಬೇಗ ಒರೆಸಿಕೊಂಡೆ. ಆಮೇಲೆ ಪದ್ಮಾ ವೈನಿಯನ್ನು ವೇದಿಕೆಗೆ ಕರೆದು ಶಾಲು ಹೊದಿಸಿದರು. ನಾನೂ ಚಪ್ಪಾಳೆ ತಟ್ಟಿದೆ. ಅದೂ ಥಪ್ ಎಂದೇ ಕೇಳಿಸಿತು.

ಹೊರಡುವಾಗ ಮಾಳಪ್ಪನನ್ನು ಹಿಡಿದು, ‘ಒಂದೇ ಗಣಿಯ ಕಲ್ಲು, ಹೌದಿಲ್ಲೊ? ನಂದಕ್ಕ ಏನ್ ಧಾಡಿ ಆಗ್ಯದ?’ ಎಂದು ಕೇಳಿಯೇಬಿಟ್ಟೆ.

‘ಕಲ್ಲಿಂದೇನ್ ತಪ್ಪಿಲ್ರಿ ಅಕ್ಕೋರ. ಕುತ್ತಿಗಿ ತನಕ ಸಿಮೆಂಟ್ ತುಂಬೀರಿ, ಹೆಂಗ ಹಾಡ್ತದ? ತೆಳಗ ಒಂಚೂರು ಗಾಳಿ ಬೇಕ್ರಿ. ಈಗ ಕಿತ್ತರ ಒಡದ ಹೋಗ್ತದ.’

ಮನೆಗೆ ಬರುವ ದಾರಿಯಲ್ಲಿ ಒಂದು ಮಾತು ನೆನಪಾಯಿತು. ಆಗ ಅಷ್ಟು ಸಿಮೆಂಟು ಹಾಕಿಸಿದ್ದು ಯಾಕೆಂದು ಗೌಂಡಿಗೂ ಹೇಳಿರಲಿಲ್ಲ, ನಮ್ಮವರಿಗೂ ಹೇಳಿರಲಿಲ್ಲ. ಪದ್ಮಾ ವೈನಿ ಮನಸ್ಸು ಬದಲಿಸಿ, ‘ಅದಲು ಬದಲು ಮಾಡ್ಕೊಳ್ಳೋಣೇನ್ರಿ?’ ಎಂದು ಕೇಳಿಬಿಟ್ಟರೆ ಎಂಬ ಭಯ.

ಈಗ ಅವರ ಕಲ್ಲು ಆಪೆರಾದ ಜೊತೆ ಸೇಡಂ, ಚಿಂಚೋಳಿ ಎಂದು ತಿರುಗುತ್ತಿದೆ. ಅವರು ಬಟ್ಟೆ ಒಗೆಯಲು ನಮ್ಮ ಹಿತ್ತಲಿಗೆ ಬರುತ್ತಾರೆ. ಮೊನ್ನೆ ಬೆಳಿಗ್ಗೆ ದುಪ್ಪಟಿ ಬಡಿಯುತ್ತ ಅಂದರು: ‘ನಿಮ್ ಕಲ್ಲ ಎಷ್ಟ್ ಗಟ್ಟಿ ಕುಂತದ ನೋಡ್ರಿ ವೈನಿ! ನಂದು ಬರೇ ಅಲ್ಲಾಡ್ತಿತ್ತು. ಇದನ್ನ ನೋಡಿ ನೋಡಿ ಇಷ್ಟು ವರ್ಷ ನನ್ ಹೊಟ್ಟಿ ಉರದದ್ದು ಅಷ್ಟಿಷ್ಟಲ್ಲ.’

‘ಏನಂದ್ರಿ? ಇನ್ನೊಮ್ಮೆ ಹೇಳ್ರಿ’ ಎಂದೆ.

ಅವರು ನಗುತ್ತ ಇನ್ನೊಮ್ಮೆ ಹೇಳಿದರು. ಒಳಗೆ ಹಾಲು ಉಕ್ಕಿ ಒಲೆ ಆರಿತು. ಒಲೆ ಒರೆಸುತ್ತ ಯೋಚಿಸಿದೆ. ಇಷ್ಟು ವರ್ಷದ ಹೊಟ್ಟೆಕಿಚ್ಚನ್ನು ಒಂದು ದುಪ್ಪಟಿ ಹಿಂಡುವಷ್ಟರಲ್ಲಿ, ನಕ್ಕು, ಎದುರಿಗೇ ಹೇಳಿ ಮುಗಿಸಿಬಿಟ್ಟರಲ್ಲ ಈ ಹೆಂಗಸು! ನನಗೇಕೆ ಅದು ಬರುವುದಿಲ್ಲ? ಈಗ ಹಾಲಿನ ಹೊತ್ತು ಸಾಲದೆ ಚಹಾದ ಹೊತ್ತನ್ನೂ ಇದಕ್ಕೇ ಇಟ್ಟಿದ್ದೇನೆ.