ಬೀಸುಕಲ್ಲಾಗಿದ್ದವನು ನಾನು

ಸೈಕಲ್ ಕಳವಾದರೆ ಪೊಲೀಸ್ ಠಾಣೆಯಿದೆ. ಚಪ್ಪಲಿ ಕಳವಾದರೆ ಗುಡಿಯ ಮುಂದಿನ ಹೂವಿನವಳನ್ನಾದರೂ ಒಂದು ಮಾತು ಕೇಳಬಹುದು. ಆದರೆ ಮನುಷ್ಯನ ನೆನಪೇ ಕಳವಾದರೆ, ಅದೂ ಕದ್ದವನು ಪ್ರತಿ ಭಾನುವಾರ ಎದುರಿಗೇ ಕೂತು, ನಮ್ಮ ತಟ್ಟೆಯಿಂದಲೇ ಮಿರ್ಚಿ ಭಜಿ ಎತ್ತಿಕೊಂಡು ತಿನ್ನುತ್ತ, ಆ ನೆನಪನ್ನು ನಮಗೇ ಹೇಳಿ ನಗಿಸುವವನಾದರೆ ಎಲ್ಲಿಗೆ ಹೋಗಬೇಕು? ನನಗೆ ಸಿಟ್ಟು ಬಂದಿದೆ. ಈ ವಯಸ್ಸಿನಲ್ಲಿ ಸಿಟ್ಟು ಒಳ್ಳೆಯದಲ್ಲವೆಂದು ಡಾಕ್ಟರು ಹೇಳಿದ್ದಾರೆ. ಆ ಡಾಕ್ಟರಿಗೂ ಕದ್ದವನು, ಅಂದರೆ ನಾಡಿಗೇರ, ಅದೇ ಕತೆ ಹೇಳಿ ನಗಿಸಿದ್ದಾನೆಂದು ಆಮೇಲೆ ತಿಳಿದು ಸಿಟ್ಟು ಇನ್ನಷ್ಟು ಏರಿತು.

ಮೊದಲು ನನ್ನ ಪರಿಚಯ ಹೇಳಿಕೊಳ್ಳಬೇಕು. ಅದು ನನಗೆ ಅಭ್ಯಾಸವಿಲ್ಲದ ಕೆಲಸ. ನಾನು ಧಾರವಾಡದ ಬಾನುಲಿ ಕೇಂದ್ರದಲ್ಲಿ ಉದ್ಘೋಷಕನಾಗಿ ನೌಕರಿ ಮುಗಿಸಿದವನು. ಉದ್ಘೋಷಕನೆಂದರೆ ಜೀವಮಾನವಿಡೀ ಬೇರೆಯವರ ಹೆಸರು ಹೇಳುವ ಮನುಷ್ಯ. ಹಾಡಿದವರು ಇಂಥವರು, ತಬಲಾ ಸಾಥಿ ಇಂಥವರು, ಭಾಷಣ ಮಾಡಿದವರು ಇಂಥವರು, ಅಡಚಣೆಗಾಗಿ ವಿಷಾದಿಸುತ್ತೇವೆ. ವಿಷಾದಿಸಿದವರು ಯಾರೆಂದು ಮಾತ್ರ ಯಾರೂ ಹೇಳುವುದಿಲ್ಲ. ನಿವೃತ್ತನಾಗಿ ಹುಬ್ಬಳ್ಳಿಯ ವಿದ್ಯಾನಗರಕ್ಕೆ ಬಂದಾಗ ಪಕ್ಕದ ಮನೆಯವರಿಗೆ, ರೇಡಿಯೋದಲ್ಲಿ ಕೆಲಸ ಮಾಡುತ್ತಿದ್ದೆ ಎಂದೆ. ಮರುದಿನ ಅವರು ಕೆಟ್ಟ ಮಿಕ್ಸರ್ ಹಿಡಿದುಕೊಂಡು ಬಂದರು. “ರೇಡಿಯೋ ಮಾಡಿದವ್ರಿಗೆ ಇದೇನ್ ದೊಡ್ಡದ್ ಬಿಡ್ರಿ” ಎಂದರು. ಮುಖ ಮುರಿಯಲಾರದೆ ಅದನ್ನು ತಾರಿಹಾಳದ ಒಂದು ವರ್ಕ್‌ಶಾಪಿಗೆ ಒಯ್ದು, ರಿಪೇರಿ ಮಾಡಿಸಿ ತಂದುಕೊಟ್ಟೆ. ಅಂದಿನಿಂದ ನಮ್ಮ ಓಣಿಯಲ್ಲಿ ನನಗೆ ಒಳ್ಳೆಯ ಹೆಸರಿದೆ, ಮಿಕ್ಸರ್ ರಿಪೇರಿಯಲ್ಲಿ.

ಇಂಥ ಮನುಷ್ಯನ ನೌಕರಿಯಲ್ಲಿ, ಇದು ನಾನು ಮಾಡಿದ್ದು ಎಂದು ಹೇಳಿಕೊಳ್ಳಬಹುದಾದ ಘಟನೆ ಒಂದೇ ಒಂದು. ಶಿರಗುಪ್ಪಿಯಿಂದ ನಿಂಗವ್ವ ಎಂಬ ಅಜ್ಜಿ ಬೀಸುವ ಪದ ಹಾಡಲು ಬಂದಿದ್ದಳು. ಹೊರಗೆ ಬೇವಿನ ಗಿಡದ ಕೆಳಗೆ ಎಲೆ ಅಡಿಕೆ ಹಾಕಿಕೊಳ್ಳುತ್ತ ಊರ ಪುರಾಣವನ್ನೆಲ್ಲ ಹೇಳಿದವಳು ಸ್ಟುಡಿಯೋದಲ್ಲಿ ಮೈಕಿನ ಮುಂದೆ ಕೂತೊಡನೆ ಗಪ್ಪಾದಳು. ನೀರು ಕೊಟ್ಟೆವು, ಚಹಾ ಕೊಟ್ಟೆವು, ಧೈರ್ಯ ಹೇಳಿದೆವು. ಕೊನೆಗೆ ಅವಳೇ ಬಾಯಿ ಬಿಟ್ಟಳು. “ಯಪ್ಪಾ, ಕಲ್ಲ ಎಲ್ಲೈತಿ? ಕಲ್ಲ ತಿರಗಲಾರದ ಹಾಡ ಹೆಂಗ ಬರ್ತೈತಿ? ನನಗ ಹಾಡ ಇರೂದು ಬಾಯಾಗಲ್ಲೋ, ಕೈಯಾಗ.” ನಿಜವಾದ ಬೀಸುಕಲ್ಲು ತಂದಿಟ್ಟರೆ ಅದರ ಘರಘರ ಸದ್ದಿನಲ್ಲಿ ಹಾಡೇ ಕೇಳುವುದಿಲ್ಲವೆಂದು, ಗಾಜಿನ ಆಚೆ ಧ್ವನಿಮುದ್ರಣಕ್ಕೆ ಕೂತಿದ್ದ ನಾಡಿಗೇರ ತಲೆಯಲ್ಲಾಡಿಸಿದ. ಅವನು ಗಾಜಿನ ಆಚೆ ಇದ್ದ, ಓದುಗರು ಇದನ್ನು ದಯವಿಟ್ಟು ನೆನಪಿನಲ್ಲಿಡಬೇಕು. ಗಾಜಿನ ಈಚೆ ಇದ್ದವನು ನಾನು. ಜಮಖಾನೆಯ ಮೇಲೆ ಅವಳೆದುರು ಚಕ್ಕಳಮಕ್ಕಳ ಹಾಕಿ ಕೂತೆ. ಬಲಗೈ ಮುಷ್ಟಿ ಮಾಡಿ, ಹೆಬ್ಬೆರಳು ಮೇಲೆತ್ತಿ, “ಅವ್ವಾ, ಇದ ಗೂಟ ಅಂತ ತಿಳೀರಿ. ತಿರುವ್ರಿ” ಎಂದೆ. ಅಜ್ಜಿ ಒಮ್ಮೆ ನನ್ನ ಮುಖ ನೋಡಿದಳು, ಒಮ್ಮೆ ಹೆಬ್ಬೆರಳು ನೋಡಿದಳು, ಹಿಡಿದಳು, ತಿರುವಿದಳು. ಎರಡು ಸುತ್ತಿಗೆ ಗುನುಗು ಬಂತು, ಮತ್ತೊಂದು ಸುತ್ತಿಗೆ ಹಾಡು ಬಂತು. ಒಂದರ ಹಿಂದೊಂದು ಬರುತ್ತಲೇ ಹೋಯಿತು. ಜೋಳ ಬೀಸಿ ಪಳಗಿದ ಕೈ ಅದು; ನನ್ನ ತೋಳು ಬುಡದಿಂದ ಕಿತ್ತು ಬರುವುದೊಂದು ಬಾಕಿ. ಎಲ್ಲ ಮುಗಿದ ಮೇಲೆ ನಿಂಗವ್ವ ನನ್ನ ಮುಷ್ಟಿಯನ್ನು ಸವರಿ, “ಕಲ್ಲ ಛಲೋ ಐತಿ. ಸ್ವಲ್ಪ ಹಗೂರ ಆತು” ಎಂದಳು. ಆಮೇಲೆ ಬಂದ ಯಾವ ಮೆಚ್ಚುಗೆಯೂ ನನಗೆ ಅಷ್ಟು ಹಿಡಿಸಿಲ್ಲ.

ಈಗ ಕಳವಿನ ವಿಷಯ. ನಿವೃತ್ತರಾದ ನಾವು ಕೆಲವರು ಭಾನುವಾರ ಮುಂಜಾನೆ ಧಾರವಾಡದ ಸಪ್ತಾಪುರದಲ್ಲಿ ಸರೋಜಕ್ಕನ ಮನೆಯ ಪಡಸಾಲೆಯಲ್ಲಿ ಸೇರುತ್ತೇವೆ. ಸರೋಜಕ್ಕ ನನ್ನ ಜೊತೆಗೇ ಉದ್ಘೋಷಕಿಯಾಗಿದ್ದವಳು. ನಾನು ಹುಬ್ಬಳ್ಳಿಯಿಂದ ಚಿಗರಿ ಬಸ್ಸು ಹಿಡಿದು ಹೋಗುತ್ತೇನೆ. ಅಲ್ಲಿ ಹಳೆಯ ಮಾತು ತೆಗೆಯುವುದೇ ಕೆಲಸ; ಹೊಸ ಮಾತು ಆಡಿದವರಿಗೆ ಎರಡನೆಯ ಸಲ ಚಹಾ ಸಿಗುವುದಿಲ್ಲ. ಮೊದಮೊದಲು ನಾಡಿಗೇರ ಈ ಕತೆಯನ್ನು ಸರಿಯಾಗಿಯೇ ಹೇಳುತ್ತಿದ್ದ. “ನಮ್ಮ ಈತ ಕಲ್ಲಾಗಿ ಕುಂತ ನೋಡ್ರಿ” ಎಂದು ನನ್ನ ಬೆನ್ನು ತಟ್ಟುತ್ತಿದ್ದ. ಕೆಲವು ತಿಂಗಳಾದ ಮೇಲೆ “ಆಗ ನಾವಿಬ್ರೂ ಕೂಡಿ ಒಂದು ವಿಚಾರ ಮಾಡಿದ್ವಿ” ಎಂದಾಯಿತು. ಹೊಲದ ಬದು ಒತ್ತುವವರು ಹೀಗೇ, ವರ್ಷಕ್ಕೊಂದು ಸಾಲು. ಆಮೇಲೆ ನನಗೆ ಕಣ್ಣಿನ ಪೊರೆಯ ಆಪರೇಶನ್ ಆಗಿ ಕೆಲವು ಭಾನುವಾರ ಹೋಗಲಾಗಲಿಲ್ಲ. ಕಪ್ಪು ಕನ್ನಡಕ ಹಾಕಿಕೊಂಡು ಮತ್ತೆ ಹೋದಾಗ ಏನು ನೋಡಿದೆ? ನಾಡಿಗೇರ ಪಡಸಾಲೆಯ ನಟ್ಟನಡುವೆ ಚಕ್ಕಳಮಕ್ಕಳ ಹಾಕಿ ಕೂತು, ಹೆಬ್ಬೆರಳೆತ್ತಿ, “ಅವ್ವಾ, ಇದ ಗೂಟ ಅಂತ ತಿಳೀರಿ, ಅಂದೆ ನಾನು” ಎನ್ನುತ್ತಿದ್ದಾನೆ. ಪೂರ್ತಿ ಹೊಲವೇ ಹೋಗಿತ್ತು. ಅಷ್ಟೇ ಅಲ್ಲ, ಕೊನೆಗೆ ನಿಂಗವ್ವ ಆಡದ ಮಾತೊಂದನ್ನು ಅವಳ ಬಾಯಿಗೆ ಹಾಕಿದ್ದ. “ಇಂಥಾ ಕಲ್ಲ ನಮ್ಮನ್ಯಾಗ ಇದ್ದಿದ್ರ ನಾ ಇಷ್ಟ ಲಗೂ ಮುದುಕಿ ಆಗತಿದ್ದಿಲ್ಲೋ ಯಪ್ಪಾ.” ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾಚಿಕೆಯ ವಿಷಯವೆಂದರೆ ನಾನೂ ನಕ್ಕೆ. ಸಿಟ್ಟು ಬಂದದ್ದು ನಗು ಮುಗಿದ ಮೇಲೆ.

“ಲೇ ನಾಡಿಗೇರ, ನೀ ಗಾಜಿನ ಆಚೆಕಡೆ ಇದ್ದೀಲೇ” ಎಂದು ನೇರವಾಗಿ ಕೇಳಿದೆ. ಅವನು ಸ್ವಲ್ಪವೂ ಕಸಿವಿಸಿಗೊಳ್ಳಲಿಲ್ಲ. “ಹೌದೇನೋ? ನನಗ ನೆಲದ ಮ್ಯಾಲೆ ಕುಂತದ್ದ ನೆನಪದ. ಜಮಖಾನಿ ಚುಚ್ಚಿದ್ದೂ ನೆನಪದ” ಎಂದ. ಸುಳ್ಳು ಹೇಳುವವನನ್ನು ಹಿಡಿಯಬಹುದು, ಇವನು ನಂಬಿಬಿಟ್ಟಿದ್ದ. ಸರೋಜಕ್ಕನನ್ನು ಸಾಕ್ಷಿಗೆ ಕರೆದೆ. “ಅವತ್ತ ನಂದು ಸಂಜಿ ಪಾಳಿ ಇತ್ತರಿ, ನಾ ನೋಡಿಲ್ಲ” ಎಂದವಳು ಅಲ್ಲಿಗೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. “ಸಿಟ್ಟಾಗಬ್ಯಾಡ್ರಿ, ಒಂದ ಮಾತ ಹೇಳ್ತೀನಿ. ನೀವು ಹೇಳಿದ್ರ ಹವಾಮಾನ ವರದಿ ಕೇಳಿದಂಗ ಆಗ್ತದ. ಅಂವ ಹೇಳಿದ್ರ ಅಜ್ಜಿ ಎದ್ದ ಬರ್ತಾಳ” ಎಂದಳು. ಮನೆಗೆ ಬಂದು ಹೆಂಡತಿಯ ಮುಂದೆ ಹೇಳಿಕೊಂಡರೆ ಅವಳು ಮೆಂತ್ಯದ ಸೊಪ್ಪು ಬಿಡಿಸುತ್ತ, “ಕಲ್ಲಾಗಿದ್ದು ಅಂಥಾ ಏನ್ ದೊಡ್ಡ ಪದವೀರಿ? ಕೊಟ್ಟಬಿಡ್ರಿ, ಪಾಪ” ಎಂದಳು. ಪಾಪ ಯಾರು? ಜನ ಕುರ್ಚಿಗಾಗಿ ಬಡಿದಾಡುತ್ತಾರೆ, ಶಾಲು ಹಾರಕ್ಕಾಗಿ ಸಾಲು ನಿಲ್ಲುತ್ತಾರೆ. ನಾನು ಕೇಳಿದ್ದು ಕಲ್ಲಾಗಿದ್ದೆ ಎಂಬಷ್ಟು ಮಾತ್ರ. ಅದೂ ಸಿಗಬಾರದೆಂದರೆ ಇದು ಯಾವ ಸೀಮೆಯ ನ್ಯಾಯ ಎಂದು ನನಗೆ ಈಗಲೂ ತಿಳಿಯುವುದಿಲ್ಲ.

ಇಷ್ಟರಲ್ಲಿ ಮೇಘಾ ಬಂದಳು. ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಇಂಜಿನಿಯರ್ ಆಗಿರುವ ಈ ಹೆಣ್ಣುಮಗಳಿಗೆ ಹಳೆಯ ರೇಡಿಯೋದವರ ನೆನಪುಗಳನ್ನು ಧ್ವನಿಮುದ್ರಿಸಿ ಪಾಡ್‌ಕಾಸ್ಟ್ ಮಾಡುವ ಹವ್ಯಾಸ. ಮುಂದಿನ ಭಾನುವಾರ ಸರೋಜಕ್ಕನ ಮನೆಗೆ ಮೈಕು ತರುತ್ತೇನೆ, ಎಲ್ಲರೂ ಮಾತಾಡಬೇಕು ಎಂದಳು. “ಒಮ್ಮೆ ಹಾಕಿದ್ವಿ ಅಂದ್ರ ಕಾಯಂ ಇರ್ತೈತಿ ಅಂಕಲ್” ಎಂದು ಬೇರೆ ಸೇರಿಸಿದಳು. ಕಾಯಂ ಎಂಬ ಮಾತು ನನ್ನ ಎದೆಗೆ ನಾಟಿತು. ನಮ್ಮ ಕಾಲದಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತಿತ್ತು. ಇಲ್ಲಿ ಯಾರು ಹೇಳುತ್ತಾರೋ ಅವರೇ ಇನ್ನು ಎಂದೆಂದಿಗೂ ಬೀಸುಕಲ್ಲು. ನಾನು ಟೊಂಕ ಕಟ್ಟಿ ನಿಂತೆ. ಬಚ್ಚಲುಮನೆಯಲ್ಲಿ ಹೇಳಿ ನೋಡಿದೆ, ಮಹಡಿಯ ಮೇಲೆ ಹೇಳಿ ನೋಡಿದೆ. ಹವಾಮಾನ ವರದಿಯಂತೆ ಕೇಳಬಾರದೆಂದು ಕೈಯನ್ನೂ ತಿರುಗಿಸಲು ಕಲಿತೆ. ಚಿಗರಿ ಬಸ್ಸಿನಲ್ಲಿ ಹೆಬ್ಬೆರಳೆತ್ತಿ ಮುಷ್ಟಿ ತಿರುಗಿಸುತ್ತ ತುಟಿಯಲ್ಲೇ ಪಿಸುಗುಟ್ಟುತ್ತಿದ್ದಾಗ ಪಕ್ಕದಲ್ಲಿದ್ದವರು ಎದ್ದು ಹೋಗಿ ನಿಂತುಕೊಂಡರು.

ಆ ಭಾನುವಾರ ನಾಡಿಗೇರನನ್ನು ಬಾಗಿಲಲ್ಲೇ ತಡೆದೆ. “ಇವತ್ತ ಕಲ್ಲಿನ ಕತಿ ಹೇಳಾಂವ ನಾನು. ನೀ ಬಾಯಿ ತಗದಿ ಅಂದ್ರ ನನ್ನಂಥ ಕೆಟ್ಟಾಂವ ಯಾರೂ ಇಲ್ಲ.” ಅವನು “ಹೇಳೋ ಮಾರಾಯಾ, ಯಾರ ಬ್ಯಾಡಂದಾರ?” ಎಂದ. “ನೀನ ಕದ್ದು, ನೀನ ಹೇಳು ಅಂತೀಯಲ್ಲೋ” ಎಂದೆ. “ಕದಿಯೂದಕ್ಕ ಅದೇನ್ ನಿಮ್ಮ ಆಜೀ ಬಂಗಾರದ ಬೋರಮಾಳ ಏನು?” ಎಂದ. ಮಾತಿಗೆ ಮಾತು ಬೆಳೆದು ಓಣಿಗೆಲ್ಲ ಕೇಳುವಂತಾಯಿತು. ಸರೋಜಕ್ಕ ನಮ್ಮಿಬ್ಬರಿಗೂ ಬೈದಳು. ಮೇಘಾಳಿಗೆ ಖುಷಿಯೋ ಖುಷಿ. “ಅಂಕಲ್, ಹಿಂಗ ಮಾತಾಡ್ರಿ. ಮನ್ಯಾಗ ಮಾತಾಡಿದಂಗ. ಜನಕ್ಕ ಇದ ಬೇಕಾಗೇತಿ” ಎನ್ನುತ್ತ ಶೇಂಗಾ ಬೀಜದಷ್ಟು ಸಣ್ಣ ಮೈಕನ್ನು ನಮ್ಮ ನಡುವೆ ಇಟ್ಟು ಗುಂಡಿ ಒತ್ತಿದಳು. ಅದರ ಮೇಲೆ ಒಂದು ಚಿಕ್ಕ ಕೆಂಪು ದೀಪ ಹತ್ತಿತು.

ರೇಡಿಯೋದವರ ಮುಂದೆ ಕೆಂಪು ದೀಪ ಹಚ್ಚಬಾರದೆಂದು ಆ ಹುಡುಗಿಗೆ ಯಾರು ಹೇಳಬೇಕಿತ್ತು? ಸ್ಟುಡಿಯೋದಲ್ಲಿ ಕೆಂಪು ದೀಪ ಹತ್ತಿತೆಂದರೆ ಪ್ರಸಾರ ಶುರು, ಮನುಷ್ಯ ಮನುಷ್ಯನಾಗಿರುವುದಿಲ್ಲ. ಸರೋಜಕ್ಕ ಸದ್ದಾಗದಂತೆ ಕೈಬಳೆ ತೆಗೆದು ಸೆರಗಿನಲ್ಲಿಟ್ಟುಕೊಂಡಳು. ನಾಡಿಗೇರ ಕೈಯಲ್ಲಿದ್ದ ಪೇಪರನ್ನು ಸರಬರ ಎನ್ನದಂತೆ ತೊಡೆಯ ಕೆಳಗೆ ಸರಿಸಿದ. ನಾನು ತುದಿಗಾಲಲ್ಲಿ ಹೋಗಿ ಫ್ಯಾನು ಆರಿಸಿ ಬಂದು ಬೆನ್ನು ನೆಟ್ಟಗೆ ಮಾಡಿ ಕೂತೆ. ಆಗಷ್ಟೇ ಬೋರಮಾಳದವರೆಗೆ ಹೋಗಿದ್ದ ನಾವು ಈಗ ಆಡಿದ ಮಾತು ಕೇಳಬೇಕು. “ನಾಡಿಗೇರ ಅವರ ಒಡನಾಟ ನನ್ನ ಭಾಗ್ಯವೆಂದೇ ಭಾವಿಸುತ್ತೇನೆ” ಎಂದೆ ನಾನು. “ತಮ್ಮಂಥ ಸಹೃದಯರೊಂದಿಗೆ ಕಾರ್ಯನಿರ್ವಹಿಸಿದ್ದು ಅವಿಸ್ಮರಣೀಯ” ಎಂದ ಅವನು. ಮೇಘಾ ಕೈಸನ್ನೆಯಿಂದ, ಹಾಗಲ್ಲ, ಜಗಳ ಜಗಳ ಎಂದು ಬೇಡಿಕೊಳ್ಳುತ್ತಿದ್ದಳು. ನಮ್ಮಿಂದ ಆಗಲಿಲ್ಲ.

ನಾಡಿಗೇರ ಮುಂದುವರಿಸಿದ. “ಒಂದು ದಿನ ಶಿರಗುಪ್ಪಿಯ ನಿಂಗವ್ವನವರು ನಮ್ಮ ಕೇಂದ್ರಕ್ಕೆ ಆಗಮಿಸಿದ್ದರು” ಎಂದವನು ಅಲ್ಲಿಗೆ ನಿಲ್ಲಿಸಿ, ನನ್ನತ್ತ ನೋಡಿ, ಬಲಗೈಯನ್ನು ಅಂಗೈ ಮೇಲಾಗಿ ಚಾಚಿದ. ಆ ಕೈಯನ್ನು ನಾನು ಗಾಜಿನ ಈಚೆಯಿಂದ ಎಷ್ಟು ವರ್ಷ ನೋಡಿದ್ದೇನೆ. ಕಾರ್ಯಕ್ರಮ ಸಿದ್ಧವಿದೆ, ನೀನು ಪ್ರಕಟಿಸು ಎಂದು ಅದರ ಅರ್ಥ. ಆ ಕೈ ಚಾಚಿದರೆ ನನ್ನ ಬಾಯಿ ನನ್ನನ್ನು ಕೇಳದೆ ತೆರೆದುಕೊಳ್ಳುತ್ತದೆ. ತೆರೆದುಕೊಂಡಿತು. “ಇದೀಗ, ನಿಂಗವ್ವನವರ ಬೀಸುವ ಪದಗಳ ಧ್ವನಿಮುದ್ರಣದ ಸಂದರ್ಭದಲ್ಲಿ ಸ್ವತಃ ಬೀಸುಕಲ್ಲಾಗಿ ನೆರವಾದ ಪ್ರಸಂಗ. ನಿರೂಪಿಸುವವರು ಶ್ರೀ ನಾಡಿಗೇರ ಅವರು.” ಒಂದು ಅಕ್ಷರ ತಡವರಿಸಲಿಲ್ಲ. ನಾಡಿಗೇರ ಕಣ್ಣು ಅಗಲಿಸಿ ನನ್ನನ್ನೇ ನೋಡಿದ. ಆಮೇಲೆ ಹೇಳಿದ. ಎಂದಿಗಿಂತ ಚೆನ್ನಾಗಿ ಹೇಳಿದ. ಅವನು ಮುಗಿಸಿದಾಗ ಒಂದು ಕ್ಷಣ ಮೌನವಾಯಿತು. ಪ್ರಸಾರದಲ್ಲಿ ಮೌನವೆಂದರೆ ನಮಗೆ ಹಾಲು ಉಕ್ಕಿದಷ್ಟು ಗಾಬರಿ. “ಇದುವರೆಗೆ ಕೇಳಿದಿರಿ” ಎಂದು ಶುರುಮಾಡಿ ಅವನ ಹೆಸರನ್ನು ಇನ್ನೊಮ್ಮೆ ಹೇಳಿ ಮುಗಿಸಿದವನೂ ನಾನೇ.

ದೀಪ ಆರಿತು. “ನಿನಗ ಬಿಟ್ಟಕೊಟ್ಟು ಕೈ ಮಾಡಿದ್ನೆಲ್ಲೋ, ನೀ ಹೇಳ್ತಿ ಅಂತ” ಎಂದ ನಾಡಿಗೇರ. ಅವನ ಮುಖದಲ್ಲಿ ನಿಜವಾಗಿಯೂ ಸಂಕಟವಿತ್ತು. “ಹಂಗಾರ ನೀ ಯಾಕ ಹೇಳಿದಿ?” ಎಂದೆ. “ನೀ ಹೆಸರು ಹೇಳಿದ ಮ್ಯಾಲೆ ಹೇಳಲಾರದ ಇರ್ಲಿಕ್ಕೆ ಬರ್ತದೇನು? ಪ್ರಕಟಣಾ ಆಗಿಹೋಗಿತ್ತಲ್ಲ” ಎಂದ. ಅವನ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ. ಮೇಘಾಳ ಹತ್ತಿರ ಹೋಗಿ, ಇನ್ನೊಮ್ಮೆ ಮುದ್ರಿಸಿಕೊಳ್ಳಬಹುದೇ ಎಂದು ಕೇಳಿದೆ. “ಬ್ಯಾಡ ಅಂಕಲ್, ಭಾಳ ಛಲೋ ಬಂದೈತಿ. ನಿಮ್ಮ ಧ್ವನಿ ಕೇಳಿ ಮೈ ಜುಮ್ ಅಂತು ನೋಡ್ರಿ” ಎಂದಳು. ನಾನು ಮತ್ತೆ ಒತ್ತಾಯ ಮಾಡಲಿಲ್ಲ.

ಈಗ ಅದು ಕಾಯಂ ಆಗಿದೆ. ಹೆಂಡತಿ ಅದನ್ನು ಫೋನಿನಲ್ಲಿ ಹಾಕಿಕೊಂಡು ರೊಟ್ಟಿ ಬಡಿಯುತ್ತಾಳೆ. ನಿನ್ನೆ ಚಳಿಗೆ ಬಲಗಡೆಯ ರಟ್ಟೆ ಹಿಡಿದುಕೊಂಡು ಕೈ ಎತ್ತಲಾಗದೆ ನರಳುತ್ತ ಕೂತಿದ್ದೆ. ಅವಳು ಎಣ್ಣೆ ಬಿಸಿ ಮಾಡಿ ತಂದು ತಿಕ್ಕತೊಡಗಿದಳು. ಫೋನಿನಲ್ಲಿ ನಾಡಿಗೇರ ಹೆಬ್ಬೆರಳೆತ್ತುವ ಜಾಗಕ್ಕೆ ಬಂದಿದ್ದ. ಸ್ವಲ್ಪ ಹೊತ್ತು ಕೇಳಿದವಳು ತಿಕ್ಕುವುದನ್ನು ನಿಲ್ಲಿಸಿ, ನಾನು ಹೇಳಿಕೊಂಡದ್ದನ್ನೆಲ್ಲ ಮರೆತವಳಂತೆ, “ಅಲ್ಲರಿ, ಕಲ್ಲಾಗಿದ್ದವ್ರು ನಾಡಿಗೇರ್ರು, ಪ್ರತಿ ವರ್ಷ ಚಳಿಗಾಲಕ್ಕ ರಟ್ಟಿ ಹಿಡಿಯೂದು ಯಾಕ ನಿಮಗ?” ಎಂದಳು. ನಾನು ಸರ್ರನೆ ತಿರುಗಿ ಕೂತು ಈ ಸಲ ಬಿಡಬಾರದೆಂದು ಬಾಯಿ ತೆರೆದೆ. ಅಷ್ಟರಲ್ಲಿ ಫೋನಿನಿಂದ ನನ್ನದೇ ಧ್ವನಿ ಬಂತು, ಇದುವರೆಗೆ ಕೇಳಿದಿರಿ ಎಂದು. ಪ್ರಕಟಣೆ ಮುಗಿಯುವ ತನಕ ನಡುವೆ ಮಾತಾಡಬಾರದು. ತೆರೆದ ಬಾಯಿ ಮುಚ್ಚಿ, ರಟ್ಟೆಯನ್ನು ಮತ್ತೆ ಅವಳತ್ತ ಒಡ್ಡಿದೆ.