ಗ್ರಾಫಿಕ್ಸ್ ಕಾರ್ಡಿನ ಸೇವಾ ಪುಸ್ತಕ

ಹಳೆಯ ಕಾಗದಪತ್ರಗಳ ಇಲಾಖೆಯಲ್ಲಿ ಸರ್ವರಿಗೆ ಹಾಕುವಂಥ ಒಂದು ಗ್ರಾಫಿಕ್ಸ್ ಕಾರ್ಡ್ ಇತ್ತು ಎಂಬುದೂ, ಅದನ್ನು ಹಾಕಲು ಸರ್ವರ್ ಇರಲಿಲ್ಲ ಎಂಬುದೂ, ಇವೆರಡೂ ಕ್ರಮಬದ್ಧವಾಗಿಯೇ ನಡೆದಿದ್ದವು ಎಂಬುದೂ ಕಡತಗಳಿಂದ ಸ್ಪಷ್ಟವಾಗುತ್ತದೆ. ಕಾರ್ಡಿನ ಕಡತ ಒಂದು ಮೇಜಿನಿಂದ ಹೊರಟಿತ್ತು, ಸರ್ವರಿನ ಕಡತ ಇನ್ನೊಂದು ಮೇಜಿನಿಂದ. ಕಾರ್ಡ್ ಮಂಜೂರಾಗಿ ಬಂತು. ಸರ್ವರಿನ ಕಡತ ಮಾತ್ರ, "ಸದರಿ ಯಂತ್ರದ ಒಂದು ಭಾಗ ಇಲಾಖೆಯಲ್ಲಿ ಈಗಾಗಲೇ ಇರುವುದರಿಂದ ಉಳಿದ ಭಾಗಗಳ ಅಗತ್ಯ ಕಂಡುಬರುವುದಿಲ್ಲ" ಎಂಬ ಷರಾ ಹೊತ್ತು ವಾಪಸ್ಸಾಯಿತು. ಕಾರ್ಡನ್ನು ಯಾವ ಕಲಮಿನಲ್ಲಿ ಬರೆದುಕೊಳ್ಳಬೇಕೆಂದು ತಿಳಿಯದೆ ಪೀಠೋಪಕರಣದಲ್ಲಿ ಬರೆದುಕೊಂಡರು. ಹದಿನಾಲ್ಕು ತಿಂಗಳು ಅದು ಕಾಲು ಮುರಿದ ಕುರ್ಚಿಗಳ ಜೊತೆ ಉಗ್ರಾಣದಲ್ಲಿ ತೆಪ್ಪಗಿತ್ತು.

ಹದಿನೈದನೇ ತಿಂಗಳು ಮೇಲಿನಿಂದ ಪತ್ರ ಬಂತು. ಹಳೆಯ ಕೈಬರಹವನ್ನು ತಾನೇ ಓದಿ ಅಚ್ಚಿನ ಅಕ್ಷರಕ್ಕೆ ಇಳಿಸುವ ಯಂತ್ರ ಇಲಾಖೆಯಲ್ಲಿ ನಡೆಯುತ್ತಿದೆಯೆಂದು ವರದಿಗಳಿಂದ ತಿಳಿದು ಸಂತೋಷವಾಗಿದೆ, ಆರು ವಾರದಲ್ಲಿ ತಪಾಸಣಾಧಿಕಾರಿಗಳು ಬಂದು ನೋಡುತ್ತಾರೆ, ಎಂದು. ವರದಿ ಬರೆದವರು ನಿರ್ದೇಶಕರೇ. ಪತ್ರ ಓದಿ ಅವರು ಎರಡು ಲೋಟ ನೀರು ಕುಡಿದು ರಿಪೇರಿಯನ್ನು ಕರೆಸಿದರು.

ರಿಪೇರಿ ಎಂದರೆ ಇಲಾಖೆಯ ಕಂಪ್ಯೂಟರುಗಳನ್ನು ಬಿಚ್ಚಿ ಜೋಡಿಸುವ ನೌಕರ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು, ಸಂಬಳದ ದಿನ ಮಾತ್ರ ಯಾರಾದರೂ ಅದನ್ನು ಕೂಗುತ್ತಿದ್ದರು. ಹನ್ನೊಂದು ವರ್ಷದಿಂದ ಅವನು ಹಂಗಾಮಿ. ಹನ್ನೊಂದು ತಿಂಗಳಿಗೊಮ್ಮೆ ಅವನನ್ನು ಒಂದು ದಿನ ಮನೆಗೆ ಕಳಿಸಿ, ಮರುದಿನ ಹೊಸಬನೆಂದು ತೆಗೆದುಕೊಳ್ಳುತ್ತಿದ್ದರು. ಹೊಸಬರಿಗೆ ಕಚೇರಿ ಪರಿಚಯಿಸಬೇಕೆಂಬ ನಿಯಮ ಇರುವುದರಿಂದ ಪ್ರತಿ ಸಲವೂ ನಿರ್ದೇಶಕರು ಅವನಿಗೆ ಕುಡಿಯುವ ನೀರು ಎಲ್ಲಿದೆ, ಕೈ ತೊಳೆಯುವ ಜಾಗ ಎಲ್ಲಿದೆ ಎಂದು ತೋರಿಸುತ್ತಿದ್ದರು. ಅವನೂ "ಓ, ಹೌದಾ ಸಾರ್" ಎನ್ನುತ್ತಿದ್ದ.

"ನೋಡಪ್ಪಾ," ಎಂದರು ನಿರ್ದೇಶಕರು, "ಆ ಕಾರ್ಡನ್ನ ನಮ್ಮ ಮಾಮೂಲಿ ಕಂಪ್ಯೂಟರಿಗೇ ಹಾಕಿಬಿಡು."

"ಮದರ್‌ಬೋರ್ಡ್ ಒಪ್ಪಲ್ಲ ಸಾರ್. ಕಂಪನಿಯವರೇ ಆಗಲ್ಲ ಅಂತ ಬರೆದಿದ್ದಾರೆ. ಕಾರ್ಡಿನ ಮೆಮೊರಿ ಇಪ್ಪತ್ತನಾಲ್ಕು ಗಿಗಾ. ಈ ಬೋರ್ಡಿಗೆ ನಾಲ್ಕರ ಮೇಲೆ ಎಣಿಸೋಕೇ ಬರಲ್ಲ."

"ಒಪ್ಪಲ್ಲ ಅಂದ್ರೇನು? ಅದು ಇಲಾಖೆಯ ಆಸ್ತಿ ತಾನೇ?"

"ಕಾರ್ಡು ಡಬ್ಬದೊಳಗೆ ಹಿಡಿಸಲ್ಲ ಸಾರ್, ಒಂದು ಗೇಣು ಉದ್ದ ಜಾಸ್ತಿ. ಕರೆಂಟಿನ ತಂತಿ ಬೇರೆ ಥರ. ಸರ್ವರಿನೊಳಗೆ ದೊಡ್ಡ ಫ್ಯಾನುಗಳಿರ್ತವೆ ಅಂತ ಇದಕ್ಕೆ ಸ್ವಂತ ಫ್ಯಾನೂ ಕೊಟ್ಟಿಲ್ಲ. ಮಾನಿಟರ್ ಸಿಕ್ಕಿಸೋ ಜಾಗವೂ ಇಲ್ಲ."

"ಗ್ರಾಫಿಕ್ಸ್ ಕಾರ್ಡ್ ಅಂತೀಯ, ಚಿತ್ರ ಬರಲ್ವಾ?"

"ಇಲ್ಲ ಸಾರ್. ಒಳಗೊಳಗೇ ಕೆಲಸ ಮಾಡುತ್ತೆ, ಹೊರಗಡೆ ಏನೂ ತೋರಿಸಲ್ಲ."

ನಿರ್ದೇಶಕರಿಗೆ ಮೊದಲ ಬಾರಿ ಆ ಕಾರ್ಡಿನ ಬಗ್ಗೆ ಒಂದು ಬಗೆಯ ಆತ್ಮೀಯತೆ ಉಂಟಾಯಿತು. ಅವರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿ, ತಾಂತ್ರಿಕ ಸಹಾಯಕನ ಒಂದು ಖಾಯಂ ಹುದ್ದೆ ಖಾಲಿ ಇದೆಯೆಂದೂ, ಯಂತ್ರ ನಡೆದರೆ ಅದು ನಡೆಸಿದವರಿಗೇ ಎಂದೂ, ನಡೆಯದಿದ್ದರೆ ಈ ಸಲ ಮನೆಗೆ ಹೋದವನು ಮನೆಯಲ್ಲೇ ಇರಬಹುದೆಂದೂ ಹೇಳಿದರು.

ಖಾಯಂ ಆದರೆ ಕ್ವಾರ್ಟರ್ಸ್ ಸಿಗುತ್ತದೆ. ರಿಪೇರಿ, ಅವನ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ಕೆಮ್ಮುವ ಮಾವ, ಐದೂ ಜನ ಒಂದೇ ಕೋಣೆಯಲ್ಲಿದ್ದರು. ಕ್ವಾರ್ಟರ್ಸಿನಲ್ಲಿ ಎರಡು ಕೋಣೆ, ನಡುವೆ ಒಂದು ಬಾಗಿಲು. ಆ ಬಾಗಿಲನ್ನು ಹೆಂಡತಿ ಯಾರದೋ ಮನೆಗೆ ಹೋದಾಗ ನೋಡಿ ಬಂದಿದ್ದಳು, ಮುಟ್ಟಿಯೂ ನೋಡಿದ್ದಳು.

"ಈ ಸಲವಾದ್ರೂ ಬಾಯಿ ಬಿಟ್ಟು ಕೇಳ್ತೀರೋ, ಹ್ಞೂಂ ಹ್ಞೂಂ ಅಂತ ತಲೆ ಆಡಿಸ್ಕೊಂಡು ಬರ್ತೀರೋ?" ಎಂದಳು.

"ಕೇಳೋದೇನು ಬಂತು, ಅವರೇ ಹೇಳಿದಾರೆ ಕಣೇ."

"ಅವರು ಹೇಳಿದ್ದನ್ನೆಲ್ಲ ಇಟ್ಕೊಂಡಿದ್ರೆ ಇಷ್ಟು ಹೊತ್ತಿಗೆ ಅರಮನೆ ಆಗ್ತಿತ್ತು," ಎಂದಳು ಹೆಂಡತಿ.

ರಿಪೇರಿ ಕೆಲಸಕ್ಕೆ ಕೈ ಹಾಕಿದ. ಡಬ್ಬದ ಒಂದು ಪಕ್ಕವನ್ನು ಗರಗಸದಿಂದ ಕೊಯ್ದು ಕಾರ್ಡಿನ ಬಾಲ ಹೊರಗೆ ಬಿಟ್ಟ. ತಂತಿಯನ್ನು ಬಿಚ್ಚಿ ಬೇರೆ ತುದಿ ಕೂರಿಸಿದ. ಗುಂಡಿ ಒತ್ತಿದರೆ ಬೋರ್ಡು ಮೂರು ಸಲ ಕೀಕ್ ಎಂದು ಸುಮ್ಮನಾಯಿತು. ಈ ಅವಿಧೇಯತೆಯನ್ನು ನಿರ್ದೇಶಕರ ಗಮನಕ್ಕೆ ತಂದಾಗ ಅವರು ಕೂಡಲೇ ಒಂದು ಸುತ್ತೋಲೆ ಹೊರಡಿಸಿದರು: "ಈ ಮೂಲಕ ಸದರಿ ಮದರ್‌ಬೋರ್ಡಿಗೆ ತಿಳಿಯಪಡಿಸುವುದೇನೆಂದರೆ, ಅದು ಇಂದಿನಿಂದಲೇ ಜಾರಿಗೆ ಬರುವಂತೆ ಮೇಲ್ಕಂಡ ಕಾರ್ಡನ್ನು ಒಪ್ಪತಕ್ಕದ್ದು. ತಪ್ಪಿದಲ್ಲಿ ಶಿಸ್ತುಕ್ರಮ ಜರುಗಿಸಲಾಗುವುದು." ಸುತ್ತೋಲೆಯ ಒಂದು ಪ್ರತಿಯನ್ನು ಬೋರ್ಡಿಗೆ ಕಾಣುವ ಹಾಗೆ ಡಬ್ಬದ ಒಳಗೋಡೆಗೆ ಅಂಟಿಸಲಾಯಿತು. ಬೋರ್ಡಿಗೆ ಉತ್ತರಿಸಲು ಏಳು ದಿನದ ಕಾಲಾವಕಾಶ ಕೊಡಲಾಯಿತು.

ಆ ಏಳು ದಿನ ರಿಪೇರಿ ಬೇರೆ ದಾರಿ ಹುಡುಕಿದ. ಎಲ್ಲೋ ಯಾರೋ ಪುಣ್ಯಾತ್ಮ ಇದೇ ಬೋರ್ಡಿನ ಮೂಲ ತಂತ್ರಾಂಶವನ್ನು ತಿದ್ದಿ, ನಾಲ್ಕರ ಮೇಲೂ ಎಣಿಸುವುದನ್ನು ಕಲಿಸಿ, ಬೇಕಾದವರು ತಗೊಳ್ಳಿ ಎಂದು ಇಂಟರ್ನೆಟ್ಟಿನಲ್ಲಿ ಬಿಟ್ಟಿದ್ದ. ಹಾಕುವಾಗ ಕರೆಂಟು ಹೋದರೆ ಬೋರ್ಡು ಸತ್ತಂತೆಯೇ. ರಿಪೇರಿ ಕಾರ್ಡನ್ನು ಕಿತ್ತಿಟ್ಟು, ಎದ್ದು ಹೋಗಿ ಮೇನ್ ಸ್ವಿಚ್ಚಿನ ಮುಂದೆ ಕುರ್ಚಿ ಅಡ್ಡ ಇಟ್ಟು ಬಂದ. ಬೋರ್ಡಿಗೇ ಸಿಕ್ಕಿಸಿದ್ದ ಪರದೆಯ ಮೇಲೆ ಗೆರೆ ಇರುವೆಯ ಹಾಗೆ ತೆವಳಿತು. ನೂರು ಮುಟ್ಟಿದಾಗ ಕಾರ್ಡನ್ನು ಮತ್ತೆ ಸಿಕ್ಕಿಸಿ ಗುಂಡಿ ಒತ್ತಿದ. ಬೋರ್ಡು ಒಂದೇ ಒಂದು ಸಲ ಕೀಕ್ ಎಂದಿತು, ಕಾರ್ಡಿನ ಹೆಸರು ಪಟ್ಟಿಯಲ್ಲಿ ಮೂಡಿತು. ಅವನು "ಅಬ್ಬಾ!" ಎಂದು ಎರಡೂ ಕೈಯಿಂದ ಮೇಜು ಕುಟ್ಟಿದ. ಕಣ್ಣಲ್ಲಿ ನೀರೇ ಬಂತು. ಹನ್ನೊಂದು ವರ್ಷದಲ್ಲಿ ಆ ಕಟ್ಟಡದೊಳಗೆ ಅವನಿಗೆ ಅಷ್ಟು ಸಂತೋಷ ಆಗಿರಲಿಲ್ಲ.

ಸುತ್ತೋಲೆ ಪರಿಣಾಮ ಬೀರಿದೆ ಎಂದು ನಿರ್ದೇಶಕರು ಕಡತದಲ್ಲಿ ದಾಖಲಿಸಿದರು.

ರಿಪೇರಿ ಕೈಬರಹ ಓದುವ ತಂತ್ರಾಂಶವನ್ನೂ ಹಾಕಿದ ಮೇಲೆ, ಮೊದಲು ಒಂದು ಹಳೆಯ ದೂರಿನ ಪುಟ ಕೊಟ್ಟರು. ಜಿರಲೆ ಓಡಾಡಿದಂತಿದ್ದ ಆ ಬರಹವನ್ನು ಇಲಾಖೆಯಲ್ಲಿ ಯಾರೂ ಓದಿರಲಿಲ್ಲ. ಯಂತ್ರ ಓದಿತು: "ಬಾವಿಯ ಕೊಡ ಕಳವಾಗಿದೆ. ಕದ್ದವರು ಯಾರೆಂದು ಗೊತ್ತು. ಅವರೇ ಈ ದೂರನ್ನು ಸ್ವೀಕರಿಸುವವರಾದ್ದರಿಂದ ಬರೆಯುವಂತಿಲ್ಲ." ಎಲ್ಲರೂ ಭೇಷ್ ಎಂದರು. ನಾಲ್ಕೇ ನಿಮಿಷಕ್ಕೆ ಕಾರ್ಡು ಕಾವಲಿಯಂತೆ ಕಾದು ನಿಂತುಹೋಯಿತು. ರಿಪೇರಿ ಕಡತದ ರಟ್ಟು ತೆಗೆದುಕೊಂಡು ಬೀಸಿದ. ಒಂದು ಕೈಯಲ್ಲಿ ಬೀಸುತ್ತ ಇನ್ನೊಂದು ಕೈಯಲ್ಲಿ ಕೀಲಿಮಣೆ ಒತ್ತುತ್ತ ಎರಡು ದಿನ ತಳ್ಳಿದ. ಮೂರನೇ ದಿನ ಭುಜ ಎತ್ತಲಾಗದೆ ಉಗ್ರಾಣದ ಮೇಡಂ ಹತ್ತಿರ ಹೋಗಿ ಒಂದು ಫ್ಯಾನು ಕೇಳಿದ.

ಉಗ್ರಾಣದ ಮೇಡಂ ಕೆಟ್ಟವರಲ್ಲ. ನಿಯಮ ಬಿಟ್ಟು ಒಂದು ಗುಂಡುಸೂಜಿಯನ್ನೂ ಕೊಟ್ಟವರಲ್ಲ, ಅಷ್ಟೆ.

"ಫ್ಯಾನು ಬರೋದು ಸಿಬ್ಬಂದಿ ಸೌಕರ್ಯದಲ್ಲಿ ರೀ," ಎಂದರು. "ಪೀಠೋಪಕರಣಕ್ಕೆ ಫ್ಯಾನು ಕೊಡೋ ಹಾಗಿಲ್ಲ. ನಾಳೆ ಬೀರುಗೂ ಸೆಕೆ ಅಂತೀರಿ."

"ನನ್ನ ಹೆಸರಲ್ಲಿ ಕೊಡಿ ಮೇಡಂ."

"ನೀವು ಹಂಗಾಮಿ. ಹಂಗಾಮಿಯವರಿಗೆ ಕಿಟಕಿ ಮಾತ್ರ."

"ಹಾಗಾದ್ರೆ ಏನು ಮಾಡೋದು?"

ಮೇಡಂ ಕನ್ನಡಕ ಏರಿಸಿ ನಿಯಮಗಳ ಪುಸ್ತಕ ತಿರುವಿದರು. "ಒಂದು ದಾರಿ ಇದೆ. ಕಾರ್ಡನ್ನೇ ಸಿಬ್ಬಂದಿ ಅಂತ ತೋರಿಸಿ. ಸಿಬ್ಬಂದಿ ಅಂದ್ರೆ ಇಲಾಖೆಗೋಸ್ಕರ ಕೆಲಸ ಮಾಡೋರು ಅಂತ ಇದೆ. ಮನುಷ್ಯರೇ ಆಗಿರಬೇಕು ಅಂತ ಎಲ್ಲೂ ಬರೆದಿಲ್ಲ."

ರಿಪೇರಿ ಅರ್ಜಿ ತುಂಬಿದ. ಹುಟ್ಟಿದ ದಿನಾಂಕದ ಎದುರು ತಯಾರಾದ ದಿನಾಂಕ ಬರೆದ. ಗುರುತಿನ ಚಿಹ್ನೆ: ಬೆನ್ನಿನ ಅಂಚಿಗೆ ಚಿನ್ನದ ಬಣ್ಣದ ಗೆರೆಗಳು. ವೈವಾಹಿಕ ಸ್ಥಿತಿ: ಸರ್ವರ್ ಬಂದಿಲ್ಲ. ಬಲ್ಲವರ ಸಹಿ ಎಂಬಲ್ಲಿ ತನ್ನದೇ ಸಹಿ ಹಾಕಿದ. ಮೇಡಂ ಅದನ್ನು ನೋಡಿ ತಲೆಯಾಡಿಸಿ, "ಎಲ್ಲ ಸರಿ, ಆದ್ರೆ ಇದೂ ಹಂಗಾಮಿ ಆದ್ರೆ ಕಿಟಕಿ ಪಕ್ಕ ಇಡಬಹುದು ಅಷ್ಟೆ. ಫ್ಯಾನು ಬೇಕು ಅಂದ್ರೆ ಖಾಯಂ ಹುದ್ದೇಲಿ ತೋರಿಸ್ಬೇಕು," ಎಂದರು.

ಖಾಲಿ ಇದ್ದ ಖಾಯಂ ಹುದ್ದೆ ಒಂದೇ.

ರಿಪೇರಿ ಪೆನ್ನು ಕೆಳಗಿಟ್ಟ. ಮೇಡಂ ಅವನ ಮುಖ ನೋಡಿ, "ಅಯ್ಯೋ, ಕಾಗದದ ಮೇಲೆ ಮಾತ್ರ ರೀ! ಫ್ಯಾನು ಬಂದ ಮೇಲೆ ಕಾರ್ಡಿನ ರಾಜೀನಾಮೆ ತಗೊಂಡ್ರಾಯ್ತು," ಎಂದು ಸಮಾಧಾನ ಹೇಳಿದರು. ತಪಾಸಣೆಗೆ ಹದಿನಾರು ದಿನ ಉಳಿದಿತ್ತು. ಅವನು ಸಹಿ ಹಾಕಿದ. ಮನೆಯಲ್ಲಿ ಹೇಳಿದಾಗ ಹೆಂಡತಿ ತೊಳೆಯುತ್ತಿದ್ದ ಪಾತ್ರೆಯನ್ನು ಹಾಗೇ ಕೆಳಗಿಟ್ಟು, "ಇಡೀ ಲೋಕದಲ್ಲಿ ಅದಕ್ಕೆ ಬೇರೆ ಹುದ್ದೆ ಸಿಗಲಿಲ್ವಾ?" ಎಂದು ಮಾತ್ರ ಕೇಳಿದಳು.

ಕಾರ್ಡು, ತಪಾಸಣಾಧಿಕಾರಿಗಳ ಸ್ಥಿರೀಕರಣಕ್ಕೆ ಒಳಪಟ್ಟು, ತಾಂತ್ರಿಕ ಸಹಾಯಕನಾಗಿ ನೇಮಕಗೊಂಡಿತು. ಫ್ಯಾನು ಬಂತು. ಯಂತ್ರ ಬೆಳಗಿನಿಂದ ಸಂಜೆಯವರೆಗೆ ಗುಂಯ್ ಎಂದು ಓದಿತು. ವಾರ ಕಳೆದ ಮೇಲೆ ರಿಪೇರಿ ರಾಜೀನಾಮೆಯ ಮಾತು ಎತ್ತಿದ. ರಾಜೀನಾಮೆ ಸ್ವಹಸ್ತಾಕ್ಷರದಲ್ಲೇ ಇರಬೇಕೆಂದು ಮೇಡಂ ನಿಯಮ ತೋರಿಸಿದರು. ಕಾರ್ಡಿಗೆ ಯಾರ ಕೈಬರಹ ಬೇಕಾದರೂ ಓದಲು ಬರುತ್ತಿತ್ತು, ಬರೆಯಲು ಬರುತ್ತಿರಲಿಲ್ಲ. ವಜಾ ಮಾಡೋಣವೆಂದರೆ ಅದರ ಮೇಲೆ ಒಂದು ದೂರಿಲ್ಲ, ಒಂದು ದಿನ ತಡವಾಗಿ ಬಂದಿಲ್ಲ. ಇಲಾಖೆಯಲ್ಲಿ ಅಂಥ ಸೇವಾ ಪುಸ್ತಕ ಇನ್ನೊಬ್ಬರದಿರಲಿಲ್ಲ. ಕ್ವಾರ್ಟರ್ಸನ್ನಾದರೂ ಕೊಡಿ ಎಂದು ಕೇಳಿದ. "ಬೇಡ ಅಂತ ಕಾರ್ಡು ಬರೆದುಕೊಟ್ಟಿಲ್ವಲ್ಲ ರೀ," ಎಂದರು ಮೇಡಂ, ನಿಜವಾಗಿಯೂ ನೊಂದುಕೊಂಡು.

"ತಪಾಸಣೆ ದಿನ ಅವರೆದುರೇ ನಿನ್ನ ಹೆಸರು ಹೇಳ್ತೀನಿ, ಅವರು ಕಾರ್ಡಿನ ಹೆಸರಿಗೆ ಒಂದು ಗೆರೆ ಹೊಡೆದು ನಿನ್ನನ್ನ ಹಾಕ್ತಾರೆ. ಹೆದರಬೇಡ," ಎಂದರು ನಿರ್ದೇಶಕರು.

ತಪಾಸಣಾಧಿಕಾರಿಗಳು ಬಂದರು. ಇಸ್ತ್ರಿ ಮುರಿಯದ ಅಂಗಿ, ಮಾತು ಕಡಿಮೆ. ಯಂತ್ರವನ್ನು ಸುತ್ತು ಬಂದು, ಮೊದಲೇ ಸಿದ್ಧ ಮಾಡಿಟ್ಟಿದ್ದ ಕಟ್ಟನ್ನು ಬದಿಗೆ ಸರಿಸಿ, ಕಪಾಟಿನಿಂದ ತಾವೇ ಒಂದು ಕಟ್ಟು ಎಳೆದು ನಡುವಿನ ಒಂದು ಹಾಳೆ ಕೊಟ್ಟರು. ಹತ್ತು ವರ್ಷ ದಾಟಿದ ಕಾಗದಗಳೆಲ್ಲ ಹಳೆಯ ದಾಖಲೆಯಾಗಿ ಆ ಕಪಾಟು ಸೇರುತ್ತಿದ್ದವು. ರಿಪೇರಿ ಹಾಳೆಯನ್ನು ಯಂತ್ರಕ್ಕೆ ಕೊಡುವಾಗಲೇ ನೀಲಿ ಶಾಯಿಯ ಬರಹ ಕಣ್ಣಿಗೆ ಬಿತ್ತು. ಅವನದೇ ಬರಹ.

ಪರದೆಯ ಮೇಲೆ ಅಕ್ಷರ ಮೂಡಿತು. ತಪಾಸಣಾಧಿಕಾರಿಗಳು ಗಟ್ಟಿಯಾಗಿ ಓದಿದರು: "ಮಾನ್ಯರೇ, ನಾನು ಕೆಲಸಕ್ಕೆ ಸೇರಿ ಆರು ತಿಂಗಳಾಗಿದ್ದು, ಹೊಸದಾಗಿ ಮದುವೆಯಾಗಿರುತ್ತೇನೆ. ನನ್ನನ್ನು ಖಾಯಂ ಮಾಡಿದರೆ ಜೀವಮಾನವಿಡೀ ನಿಷ್ಠೆಯಿಂದ ದುಡಿಯುತ್ತೇನೆ. ಎರಡು ಕೋಣೆಯ ಮನೆ ಸಿಕ್ಕಿದರೆ ಸಾಕು, ಬೇರೇನೂ ಬೇಡ. ದಯವಿಟ್ಟು ಬೇಗ ತಿಳಿಸಿ, ಹೆಂಡತಿ ದಿನಾ ಕೇಳುತ್ತಾಳೆ."



"ಪಾಪ," ಎಂದರು ತಪಾಸಣಾಧಿಕಾರಿಗಳು. "ಏನಾದ್ರು ಈ ಮನುಷ್ಯ?"

ನಿರ್ದೇಶಕರು ರಿಪೇರಿಯ ಕಡೆ ನೋಡಿದರು, ಆಮೇಲೆ ರಿಜಿಸ್ಟರಿನ ಕಡೆ. "ಹನ್ನೊಂದು ತಿಂಗಳಾದ ಮೇಲೆ ಹೊರಟುಹೋದ್ರು ಸಾರ್. ದಾಖಲೆ ಇದೆ. ಇವರು ಹೊಸಬರು, ಮೊನ್ನೆ ಮೊನ್ನೆ ಸೇರಿದ್ದು."

"ಯಂತ್ರ ಓದಿದ್ದು ಸರಿ ಇದೆ ಅಂತ ಮೂಲದ ಜೊತೆ ಹೋಲಿಸಿ ಹೇಳೋರು ಯಾರು? ಹೇಳಿದ್ರೆ ಈಗಲೇ ಹುದ್ದೆ ಸ್ಥಿರ ಮಾಡ್ತೀನಿ."

ರಿಪೇರಿ ಹಾಳೆ ಕೈಗೆ ತೆಗೆದುಕೊಂಡ. ತಪ್ಪಿದೆ ಎಂದರೆ ಕಾರ್ಡಿನ ಹುದ್ದೆ ಹೋಗುತ್ತದೆ, ಅದರ ಜೊತೆ ಯಂತ್ರವೂ ಹೋಗುತ್ತದೆ, ತಾನೂ ಹೋಗುತ್ತಾನೆ. ಸರಿ ಎಂದರೆ ಕಾರ್ಡು ಉಳಿಯುತ್ತದೆ. ಬಾಯಿ ಬಿಟ್ಟು ಕೇಳಬೇಕೆಂದು ಹೆಂಡತಿ ಬೆಳಗ್ಗೆ ಹೊಸ್ತಿಲ ತನಕ ಬಂದು ಹೇಳಿದ್ದಳು. ಅವನು ಬಾಯಿ ತೆರೆದ. ಅಷ್ಟರಲ್ಲಿ ಪರದೆಯ ಮೇಲೆ ಕಣ್ಣು ಹೋಯಿತು. ಆತುರದಲ್ಲಿ ಅವನು ಅಂದು ಗೀಚಿದ್ದ, ಅವನಿಗೇ ಈಗ ಅರ್ಥವಾಗದಿದ್ದ "ನಿಷ್ಠೆ"ಯ ಒತ್ತಕ್ಷರವನ್ನೂ ಆ ಕಾರ್ಡು ಬಿಡದೆ ಹಿಡಿದಿತ್ತು. ಒಪ್ಪುವುದಿಲ್ಲ ಎಂದ ಬೋರ್ಡಿನಲ್ಲಿ, ಕೊಯ್ದ ಡಬ್ಬದಲ್ಲಿ, ತಾನೇ ನಡೆಸಿದ ಕಾರ್ಡು. ಅವನಿಗೆ ಹೆಮ್ಮೆ ತಡೆಯಲಾಗಲಿಲ್ಲ.

"ಸರಿ ಇದೆ ಸಾರ್," ಎಂದ. "ಒಂದಕ್ಷರವೂ ತಪ್ಪಿಲ್ಲ."

ತಪಾಸಣಾಧಿಕಾರಿಗಳು ಅಲ್ಲೇ ಸಹಿ ಹಾಕಿದರು. ರಿಪೇರಿಯೂ "ಮೂಲದೊಂದಿಗೆ ಹೋಲಿಸಿ ನೋಡಲಾಗಿದೆ" ಎಂಬಲ್ಲಿ ಸಹಿ ಹಾಕಿದ. ಹಳೆಯ ಅರ್ಜಿಯ ಕೆಳಗಿನ ಸಹಿಯೂ ಅವನ ಈ ಸಹಿಯೂ ಒಂದೇ ಥರ ಇರುವುದನ್ನು ಯಾರೂ ಗಮನಿಸಲಿಲ್ಲ, ಗಮನಿಸಬೇಕೆಂಬ ನಿಯಮವೂ ಇರಲಿಲ್ಲ. ರಿಪೇರಿಯನ್ನು ಕಾರ್ಡಿನ ಸಹಾಯಕನಾಗಿ ಇನ್ನೂ ಹನ್ನೊಂದು ತಿಂಗಳಿಗೆ ಮುಂದುವರಿಸಲು ಸಹಾನುಭೂತಿಯಿಂದ ಒಪ್ಪಲಾಯಿತು.

ಸಂಜೆ ಕಾರ್ಡು ಖಾಯಂ ಆದ ಬಗ್ಗೆ ಪುಟ್ಟ ಸಮಾರಂಭ ನಡೆಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ನಿರ್ದೇಶಕರು ಹೂಗುಚ್ಛವನ್ನು ಡಬ್ಬದ ಕೊಯ್ದ ಪಕ್ಕಕ್ಕೆ ಒರಗಿಸಿ ಇಟ್ಟು, ಫೋಟೋ ತೆಗೆಸಿಕೊಳ್ಳಲು ತಿರುಗಿ ನಿಂತರು.

"ಅಲ್ಲಿ ಬೇಡ ಸಾರ್," ಎಂದು ರಿಪೇರಿ ಮುಂದೆ ಬಂದ. "ಗಾಳಿಗೆ ಅಡ್ಡ ಆಗುತ್ತೆ. ಬಿಸಿ ಆಗಿಬಿಡುತ್ತೆ ಪಾಪ." ಹೂಗುಚ್ಛವನ್ನು ಎತ್ತಿ, ಫೋಟೋ ಮುಗಿಯುವ ತನಕ ತಾನೇ ಹಿಡಿದುಕೊಂಡು ನಿಂತ.